ಬೆಳ್ಳಕ್ಕಿಯ ಬಿಳುಪು, ಜೇಡದ ಬಿಳುಪು

ಅಮೆರಿಕದಲ್ಲಿ ನೆಲೆಸಿರುವ ನಾವು ಕನ್ನಡಿಗರು ಕವಿತೆಯ ಮಾತೆತ್ತಿದರೆ ಒಂದು ತೀರ್ಪು ಬಲು ಬೇಗ ಹೊರಬೀಳುತ್ತದೆ: ನಮ್ಮ ಕವಿಗಳಿಗೆ ಪ್ರಕೃತಿಯಲ್ಲಿ ದೇವರು ಕಾಣುತ್ತಾನೆ, ಇಲ್ಲಿನವರಿಗೆ ಭಯ. ಕುವೆಂಪು ಅವರ ‘ದೇವರು ರುಜು ಮಾಡಿದನು’ ಮತ್ತು ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ನ ‘ಡಿಸೈನ್’ (ಯೋಜನೆ, ಸಂಚು) ಇದಕ್ಕೆ ಒಳ್ಳೆಯ ಜೋಡಿ. ಎರಡರಲ್ಲೂ ಬಿಳಿಯೇ ಮುಖ್ಯ ಬಣ್ಣ, ಸೃಷ್ಟಿಯ ಹಿಂದಿನ ಕೈಯೇ ವಿಷಯ. ಹೋಲಿಕೆ ಸರಿ, ತೀರ್ಪನ್ನು ನಾನು ಒಪ್ಪಲಾರೆ.

‘ಡಿಸೈನ್’ 1922ರಲ್ಲಿ ಅಚ್ಚಾದ ಸಾನೆಟ್, ಅಂದರೆ 14 ಸಾಲಿನ ಕವಿತೆ. 1912ರ ಮೊದಲ ರೂಪದ ಹೆಸರೇ ‘ಇನ್ ವೈಟ್’. ಬಿಳಿ ಹೂವಿನ ಮೇಲೆ ಕೊಬ್ಬಿದ ಬಿಳಿ ಜೇಡ, ಅದರ ಹಿಡಿತದಲ್ಲಿ ಸತ್ತ ಬಿಳಿ ಪತಂಗ. ಇಷ್ಟರಲ್ಲೇ ‘ವೈಟ್’ ಐದು ಸಲ ಬರುತ್ತದೆ. ಗುಟ್ಟಿರುವುದು ಹೂವಿನಲ್ಲಿ. ಹೀಲ್-ಆಲ್ ಎಂಬ ಈ ದಾರಿಬದಿಯ ಗಿಡ ನಮ್ಮ ತುಳಸಿಯ ಕುಟುಂಬದ್ದು. ಹೆಸರಿಗೆ ‘ಎಲ್ಲವನ್ನೂ ವಾಸಿಮಾಡುವುದು’ ಎಂದರ್ಥ. ಹೂ ಸಾಮಾನ್ಯವಾಗಿ ನೀಲಿ-ನೇರಳೆ, ಬಿಳಿ ಅಪರೂಪ. ಕವಿ ಜೇಡದ ಜಾತಿ ಹೇಳಿಲ್ಲ. ಆದರೆ ಅಮೆರಿಕದಲ್ಲಿ ಬಲೆ ನೇಯದೆ ಹೂವಿನ ಮೇಲೇ ಹೊಂಚು ಹಾಕುವ ಒಂದು ಜೇಡವಿದೆ. ಕೆಲವು ದಿನಗಳಲ್ಲಿ ಅದು ಬಿಳಿಯಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗಬಲ್ಲದು. ನೀಲಿಗೆ ಮಾತ್ರ ತಿರುಗಲಾರದು. ಎಂದಿನ ನೀಲಿ ಹೂವಾಗಿದ್ದರೆ ಅದು ನಮ್ಮ ಕಣ್ಣಿಗೆ ಎದ್ದು ಕಾಣುತ್ತಿತ್ತು. ಹೂ ಬಿಳಿಯಾದದ್ದರಿಂದ ವೇಷ ಕೂಡಿಬಂತು. ಎಂಟು ಸಾಲಿನ ವರ್ಣನೆ ಮುಗಿದು ಪ್ರಶ್ನೆಗಳು ಶುರುವಾದಾಗ, ಮೊದಲ ಪ್ರಶ್ನೆ ಜೇಡವನ್ನು ಬಿಟ್ಟು ಹೂವಿನ ಮೇಲೆ ಬೀಳುವುದು ಇದಕ್ಕೇ.

ಅನುವಾದಿಸುವವರು ಎಡವುವುದೂ ಇಲ್ಲೇ. ಬರೀ ‘ಬಿಳಿ ಹೂ’ ಎಂದರೆ ಔಷಧಿಯ ಗಿಡವೇ ಕೊಲೆಯ ಜಾಗವಾದದ್ದು ಕಳೆದುಹೋಗುತ್ತದೆ. ‘ಮಾತ್’ ಅನ್ನು ಚಿಟ್ಟೆ ಮಾಡಿದರೆ ಕವಿತೆಯ ರಾತ್ರಿ ಹೋಗುತ್ತದೆ, ಪತಂಗವೇ ಬೇಕು. 13ನೆಯ ಸಾಲಿನ ಕೊನೆಯ ‘ಅಪಾಲ್’ಗೆ ಇಂದು ದಿಗಿಲುಗೊಳಿಸು ಎಂಬ ಅರ್ಥ, ಮೂಲದಲ್ಲಿ ಬಣ್ಣಗೆಡಿಸು. ಕನ್ನಡದ ‘ಬಿಳಿಚಿಕೊಳ್ಳು’ ಎರಡನ್ನೂ ಹೊರುತ್ತದೆ. ಇಂಥ ಪದ ಕೈಯಲ್ಲಿದ್ದೂ ‘ಭಯಪಡಿಸು’ ಎಂದು ಬರೆಯುವುದು ನಷ್ಟ.

ಕುವೆಂಪು ಅವರ ‘ಪಕ್ಷಿಕಾಶಿ’ ಸಂಕಲನದಲ್ಲಿರುವ ‘ದೇವರು ರುಜು ಮಾಡಿದನು’ ಕವಿತೆಯಲ್ಲಿ ಆಕಾಶ, ಬೆಟ್ಟ, ಕಾಡು, ತುಂಗೆ ಮೊದಲು ಹರಡಿಕೊಳ್ಳುತ್ತವೆ, ಆಮೇಲೆ ಬೆಳ್ಳಕ್ಕಿಯ ಸಾಲು ಹಾರುತ್ತದೆ. ಹಸುರಿನ ಮುಂದೆ ಬಿಳಿ ಗೆರೆ, ಅದೇ ದೇವರ ರುಜು. ರುಜು ಕಾಣಬೇಕಾದರೆ ಕಾಗದದ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ ಇರಬೇಕಲ್ಲ! ಫ್ರಾಸ್ಟ್‌ನಲ್ಲಿ ಬಿಳಿಯ ಮೇಲೆ ಬಿಳಿ ಶಾಯಿ. ಕುವೆಂಪು ದೂರಕ್ಕೆ ಕಣ್ಣು ಹಾಯಿಸುತ್ತಾರೆ, ಫ್ರಾಸ್ಟ್ ಬೆರಳುದ್ದದ ಹೂವಿನತ್ತ ಬಗ್ಗುತ್ತಾನೆ. ವ್ಯತ್ಯಾಸವನ್ನು ನಾನು ಈ ದೂರದಲ್ಲಿ ಹುಡುಕುತ್ತೇನೆ, ದೇಶದಲ್ಲಲ್ಲ.

ಏಕೆಂದರೆ ಹತ್ತಿರದ ಬಿಳಿಯನ್ನು ನಮ್ಮವರೂ ಅನುಮಾನಿಸಿದ್ದಾರೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಇರಲಿ, ಅದೇ ಬೆಳ್ಳಕ್ಕಿಯ ಕುಲ ನೆಲಕ್ಕಿಳಿದು ನೀರಲ್ಲಿ ಅಲುಗಾಡದೆ ನಿಂತರೆ ನಾವು ಅದನ್ನು ಬಕಧ್ಯಾನ ಎನ್ನುತ್ತೇವೆ. ಈ ಎರಡು ಕವಿತೆಗಳನ್ನು ಜೊತೆಗಿಟ್ಟು ಓದಿಸುವವರು ಪಂಚತಂತ್ರದ ಬಕನ ಕಥೆಯನ್ನೂ ಪಕ್ಕದಲ್ಲಿಡಲಿ. ಅಲ್ಲಿ ಏಡಿ ಬಕನ ಬೆನ್ನೇರಿ ನಂಬಿಕೆಯಿಂದಲೇ ಹೊರಡುತ್ತದೆ, ಬಂಡೆಯ ಮೇಲೆ ಮೀನಿನ ಮೂಳೆಗಳ ರಾಶಿ ಕಾಣುವವರೆಗೆ.