ಕಣ್ಣಳತೆಯ ತಕ್ಕಡಿ

ಆಷಾಢ ಬಂದು ಕಲ್ಯಾಣಮಂಟಪಗಳಿಗೆ ಬೀಗ ಬಿದ್ದಿರುವುದರಿಂದ, ನಾಡಿನ ಹದಿಹರೆಯದ ಹುಡುಗಿಯರಿಗೆ ಒಂದು ತಿಂಗಳ ಮಟ್ಟಿಗಾದರೂ ತೂಕ ಮಾಡಿಸಿಕೊಳ್ಳುವ ಕಷ್ಟ ತಪ್ಪಿದೆ. ಪನ್ನೀರು ಚಿಮುಕಿಸುವವರನ್ನು ದಾಟುವಷ್ಟರಲ್ಲಿ ಒಬ್ಬ ದೊಡ್ಡಮ್ಮ “ಏನೇ, ಇಷ್ಟು ದಪ್ಪಗಾಗಿದ್ದೀಯ?” ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಾರೆ. ಹತ್ತು ನಿಮಿಷದ ನಂತರ ಪಂಕ್ತಿಯಲ್ಲಿ ಎದುರಾದ ಅತ್ತೆ “ನಿಮ್ಮಮ್ಮ ಊಟ ಹಾಕುವುದಿಲ್ಲವೇನೇ, ಕಡ್ಡಿ ಪೈಲ್ವಾನ್ ಹಾಗಿದ್ದೀಯಲ್ಲ” ಎಂದು ಮರುಗುತ್ತಾರೆ. ಮೊದಲ ತೀರ್ಪು ಕೊಟ್ಟ ದೊಡ್ಡಮ್ಮನೇ ಬಡಿಸುವವನನ್ನು ಕೂಗಿ ಕರೆದು ಅದೇ ಹುಡುಗಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ.

ಈ ವಿದ್ಯೆಯ ಮುಂದೆ ವಿಜ್ಞಾನ ಎಷ್ಟು ಬಡವಾದದ್ದು ನೋಡಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು 19ನೆಯ ಶತಮಾನದಲ್ಲಿ ಕೊಟ್ಟವನು ಬೆಲ್ಜಿಯಂನ ಅಡಾಲ್ಫ್ ಕೆಟೆಲೆ. ಅವನು ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನೇ ಹೊರತು ರೋಗಿಯನ್ನಲ್ಲ. ಆ ಲೆಕ್ಕಕ್ಕೆ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಎಂಬ ಹೆಸರು ಬರಲು 1972ರವರೆಗೆ ಕಾಯಬೇಕಾಯಿತು. ಬೆಳೆಯುವ ಮಕ್ಕಳಿಗೆ ದೊಡ್ಡವರ ಅಳತೆಗೋಲು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗಾಗಿ ಬೇರೆಯೇ ಕೋಷ್ಟಕಗಳನ್ನು ಪ್ರಕಟಿಸಿತು. ನಮ್ಮ ದೊಡ್ಡಮ್ಮಂದಿರಿಗೆ ಕೋಷ್ಟಕವೂ ಬೇಡ, ತಕ್ಕಡಿಯೂ ಬೇಡ. ಕೆಟೆಲೆ ಅಳೆದ ನಕ್ಷತ್ರಗಳು ಪುಣ್ಯವಂತವು, ಅವುಗಳಿಗೆ ನೆಂಟರಿಲ್ಲ.

ಹುಡುಗಿಯ ತಟ್ಟೆಯ ಮೇಲಿನ ಕಾಳಜಿ ನೆಂಟರಿಗಷ್ಟೇ ಸೀಮಿತವಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಎದ್ದ ವಿರೋಧ ನಿಮಗೆ ಗೊತ್ತೇ ಇದೆ. ಬೇಡದವರಿಗೆ ಬಾಳೆಹಣ್ಣು ಇತ್ತು. ಆದರೂ ಒಂದು ಬೇಯಿಸಿದ ಮೊಟ್ಟೆಯಿಂದ ನಾಡಿನ ಸಂಸ್ಕೃತಿಯೇ ಒಡೆದುಹೋಗುತ್ತದೆಂದು ಹೊಟ್ಟೆ ತುಂಬಿದವರೆಲ್ಲ ಕಂಗಾಲಾದರು. ತನಗೆ ಮೊಟ್ಟೆ ಬೇಕೆಂದು ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಗಟ್ಟಿಯಾಗಿ ಹೇಳಿದಾಗ, ಮೊಟ್ಟೆಗಿಂತ ಅವಳ ದನಿಯೇ ಹಲವರಿಗೆ ಅಜೀರ್ಣವಾಯಿತು.

ಶಾಲೆಯಲ್ಲಿ ಕೊಡುವ, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆಯೂ ಇದೆ. ಅದನ್ನು ಊಟವಾದ ಮೇಲೆ ನುಂಗಬೇಕು. ಏಳು ಗಂಟೆಯ ಬಸ್ಸು ಹಿಡಿಯಲು ಬರಿಹೊಟ್ಟೆಯಲ್ಲಿ, ಹೆಚ್ಚೆಂದರೆ ಒಂದು ಲೋಟ ಚಹಾ ಕುಡಿದು ಓಡಿಬರುವ ಹುಡುಗಿಗೆ ಆ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಚಹಾದಿಂದ ಕಬ್ಬಿಣಾಂಶ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಮಾತ್ರೆ ಕಿಟಕಿಯಾಚೆ ಹೋಗುತ್ತದೆ, ರಿಜಿಸ್ಟರಿನಲ್ಲಿ ಮಾತ್ರ ನುಂಗಿದ ಲೆಕ್ಕ ಬೀಳುತ್ತದೆ. ಇನ್ನು ಬಿಸಿಯೂಟಕ್ಕೆ ಹತ್ತನೆಯ ತರಗತಿಯಲ್ಲಿ ಗೆರೆ ಎಳೆದವರ ಜಾಣ್ಮೆಗೆ ತಲೆಬಾಗಲೇಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಮರುದಿನವೇ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹಸಿವು ನಿಂತುಹೋಗುತ್ತದೆಂಬುದನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ತಮಾಷೆ ಸಾಕು. 15ರಿಂದ 19 ವರ್ಷದ ಹುಡುಗಿಯರಲ್ಲಿ ರಕ್ತಹೀನತೆ ಇರುವವರು 2015–16ರಲ್ಲಿ ದೇಶದಾದ್ಯಂತ ನೂರಕ್ಕೆ 54 ಮಂದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 59. ಅದೇ ವಯಸ್ಸಿನ ಹುಡುಗರಲ್ಲಿ 31. ಮುಟ್ಟಿನಲ್ಲಿ ರಕ್ತ ಹೋಗುವ ಮೈಗೆ ಹೆಚ್ಚು ಬೇಕೆಂದು ಗೊತ್ತಿದ್ದೂ, ಅಣ್ಣನಿಗೆ ಬಡಿಸಿ ಉಳಿದದ್ದನ್ನು ಅವಳ ತಟ್ಟೆಗೆ ಹಾಕುವ ಮನೆಗಳು ನಮ್ಮವೇ. ಎರಡು ಮಹಡಿ ಹತ್ತಿ ಏದುಸಿರು ಬಿಡುವವಳನ್ನು, ಮೂರನೆಯ ಪೀರಿಯಡ್ಡಿನಲ್ಲಿ ತೂಕಡಿಸುವವಳನ್ನು ನಾವು ಸೋಮಾರಿ ಎಂದು ಬೈಯುತ್ತೇವೆ. ದಪ್ಪಗಿರುವವಳ ಮೈಯಲ್ಲೂ ರಕ್ತ ಕಡಿಮೆ ಇರಬಹುದೆಂಬುದು ಯಾವ ಕಣ್ಣಳತೆಗೂ ಸಿಕ್ಕುವುದಿಲ್ಲ. ಅವಳ ಸೊಂಟದ ಬಗ್ಗೆ ಮಾತಾಡಲು ಊರೆಲ್ಲ ಇದೆ, ಬೆಳಿಗ್ಗೆ ತಿಂದೆಯಾ ಎಂದು ಕೇಳಲು ಒಬ್ಬರೂ ಇಲ್ಲ.

ಶ್ರಾವಣದ ಮೊದಲ ಲಗ್ನಪತ್ರಿಕೆ ನಿನ್ನೆ ನಮ್ಮ ಮನೆಗೆ ಬಂತು. ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗಳು ನಿನ್ನೆಯಿಂದಲೇ ರಾತ್ರಿಯ ಊಟ ಬಿಟ್ಟಿದ್ದಾಳೆ.