ಇಪ್ಪತ್ತರಲ್ಲೂ ಇದೇ ದನಿ ಇತ್ತು

ಮೊನ್ನೆ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದರು. ಬರಿಗಾಲಲ್ಲಿ ವೇದಿಕೆ ಮೇಲೆ ನಿಂತು ಹಾಡುತ್ತಿರುವ, ಕೇಪ್ ವರ್ಡ್ ದೇಶದ ಗಾಯಕಿ ಸೆಜಾರಿಯಾ ಎವೊರಾ. ಕೆಳಗೆ ಎರಡು ಸಾಲು: ಐವತ್ತರಲ್ಲಿ ಗೆದ್ದವಳು, ನೀವೂ ಕಾಯಿರಿ, ನಿಮ್ಮ ಕಾಲವೂ ಬರುತ್ತದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಆಕೆಯ ಹಾಡು ಕೇಳುತ್ತಾ ಎಷ್ಟೋ ರಾತ್ರಿ ಕಳೆದಿರುವ ನನಗೆ ಅದನ್ನು ಓದಿ ಸಂಕಟವಾಯಿತು.

ಕೇಪ್ ವರ್ಡ್ ಎಂದರೆ ಅಟ್ಲಾಂಟಿಕ್ ಸಾಗರದಲ್ಲಿ, ಸೆನೆಗಲ್ ತೀರದಿಂದ 500 ಕಿಲೋಮೀಟರಿಗೂ ಆಚೆ ಇರುವ ಹತ್ತು ದ್ವೀಪಗಳು. ಮಳೆ ಅಷ್ಟಕ್ಕಷ್ಟೆ. 1975ರವರೆಗೆ ಪೋರ್ಚುಗೀಸರ ಆಳ್ವಿಕೆ. 1940ರ ದಶಕದಲ್ಲಿ ಬರ ಬಂದು ಸಾವಿರಾರು ಜನ ಹಸಿವಿನಿಂದ ಸತ್ತರು. ಆ ದಶಕದಲ್ಲೇ, 1941ರ ಆಗಸ್ಟ್ 27ರಂದು, ಮಿಂಡೆಲೊ ಎಂಬ ಬಂದರು ಊರಿನಲ್ಲಿ ಸೆಜಾರಿಯಾ ಹುಟ್ಟಿದಳು. ಅಪ್ಪ ಪಿಟೀಲು ನುಡಿಸುತ್ತಿದ್ದ. ಆಕೆಗೆ ಏಳು ವರ್ಷವಿದ್ದಾಗ ತೀರಿಕೊಂಡ. ಅಮ್ಮ ಅಡುಗೆ ಕೆಲಸ ಮಾಡುತ್ತಿದ್ದಳು. ಮಕ್ಕಳನ್ನೆಲ್ಲ ಸಾಕಲಾಗದೆ ಹತ್ತನೇ ವಯಸ್ಸಿಗೆ ಮಗಳನ್ನು ಅನಾಥಾಶ್ರಮಕ್ಕೆ ಸೇರಿಸಿದಳು. ಹದಿನಾರರ ಹೊತ್ತಿಗೆ ಹುಡುಗಿ ಬಾರುಗಳಲ್ಲಿ ಹಾಡುತ್ತಿದ್ದಳು. ಬಂದರಿಗೆ ಬಂದ ಪೋರ್ಚುಗೀಸ್ ಹಡಗುಗಳಲ್ಲೂ ಹಾಡಿದಳು. ಎಷ್ಟೋ ಸಲ ಸಂಬಳ ಎಂದರೆ ಎರಡು ಲೋಟ ಹೆಂಡ, ಅಷ್ಟೆ.

ಹಾಡುತ್ತಿದ್ದದ್ದು ಮೊರ್ನಾ. ಗಿಟಾರು, ಪಿಟೀಲು, ಕವಕಿನ್ಯು ಎಂಬ ಚಿಕ್ಕ ನಾಲ್ಕು ತಂತಿಯ ವಾದ್ಯ ಜೊತೆಗೂಡಿ ನಿಧಾನವಾಗಿ ತೂಗುವ ಹಾಡು. ಭಾಷೆ ಕ್ರಿಯೋಲು, ಅಂದರೆ ಪೋರ್ಚುಗೀಸ್ ಮತ್ತು ಪಶ್ಚಿಮ ಆಫ್ರಿಕಾದ ಮಾತುಗಳು ಬೆರೆತು ಹುಟ್ಟಿದ ಮನೆಮಾತು. ಅಲ್ಲಿ ‘ಸೊದಾದ್’ ಎಂಬ ಒಂದು ಪದವಿದೆ. ಬಿಟ್ಟು ಬಂದ ಊರು, ದೂರ ಹೋದವರು, ಮತ್ತೆ ಸಿಗದ ದಿನಗಳು, ಇವೆಲ್ಲಕ್ಕೆ ಒಳಗೆ ಏಳುವ ಹಂಬಲ. ಬದುಕಲು ಊರು ಬಿಡಲೇಬೇಕಾದ ದ್ವೀಪಗಳವು. ಆಕೆಯ ಅತಿ ಹೆಸರಾದ ಹಾಡು ‘ಸೊದಾದ್’ ಇರುವುದೂ ಕೂಲಿಗಾಗಿ ದೂರದ ಸಾಂವ್ ತೊಮೆ ದ್ವೀಪಕ್ಕೆ ಹಡಗು ಹತ್ತಿದವರ ಬಗ್ಗೆ.

ಈಗ ನನ್ನ ಸಂಕಟದ ವಿಷಯ. 1960ರ ದಶಕದಲ್ಲಿ ಮಿಂಡೆಲೊದ ರೇಡಿಯೊ ಕೇಂದ್ರದಲ್ಲಿ ಆಕೆಯ ಹಾಡುಗಳನ್ನು ಧ್ವನಿಮುದ್ರಿಸಿದ್ದರು. ಅವು 2008ರಲ್ಲಿ ‘ರೇಡಿಯೊ ಮಿಂಡೆಲೊ’ ಎಂಬ ಆಲ್ಬಮ್ಮಾಗಿ ಬಂದವು. ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ದನಿ ಎಳೆಯದು, ಸ್ವಲ್ಪ ಚುರುಕು. ಆದರೆ ಸಾಲಿನ ಕೊನೆಗೆ ಬಂದಾಗ ಆತುರವೇ ಇಲ್ಲ. ತಾಳ ಮುಂದೆ ಹೋಗುತ್ತಿದ್ದರೂ ತಾನು ಒಂದು ಕ್ಷಣ ಹಿಂದೆ ಉಳಿದು, ಆಮೇಲೆ ಸುಮ್ನೆ ಬಂದು ಸೇರಿಕೊಳ್ಳುತ್ತಾಳೆ. ಮುಂದೆ ಐವತ್ತರ ಹೊತ್ತಿಗೆ ಆಕೆ ಗೆದ್ದಾಗ ಪ್ಯಾರಿಸ್ಸಿನ ಜನ ಮೆಚ್ಚಿದ್ದು ಇದನ್ನೇ ಅಲ್ವಾ? ಇಪ್ಪತ್ತರ ಆಸುಪಾಸಿನಲ್ಲೇ ಅದೆಲ್ಲ ಇತ್ತು. ಹಾಗಿದ್ದ ಮೇಲೆ ತಡವಾಗಿ ಅರಳಿದಳು ಎನ್ನುವುದು ಹೇಗೆ?

1970ರ ದಶಕದ ನಡುವೆ ಆಕೆ ಹಾಡುವುದನ್ನೇ ನಿಲ್ಲಿಸಿದಳು. ಬಂದರಿನ ವ್ಯಾಪಾರ ಕುಸಿದಿತ್ತು. ಹಾಡಿದರೆ ಮಕ್ಕಳ ಹೊಟ್ಟೆ ತುಂಬುತ್ತಿರಲಿಲ್ಲ. ಹತ್ತು ವರ್ಷ ಹೆಚ್ಚುಕಡಿಮೆ ಮನೆಯೊಳಗೇ, ಕುಡಿತದ ಜೊತೆ ಗುದ್ದಾಡುತ್ತಾ ಕಳೆದಳು. ಮೂವತ್ತನಾಲ್ಕರಿಂದ ನಲವತ್ತನಾಲ್ಕು. ಒಬ್ಬ ಗಾಯಕಿಯ ತುಂಬು ಪ್ರಾಯದ ವರ್ಷಗಳು. ಅದನ್ನು ‘ಕಾಯುವುದು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಕೆ ಏನನ್ನೂ ಕಾಯುತ್ತಿರಲಿಲ್ಲ. ಮುಗಿಯಿತು ಅಂದುಕೊಂಡಿದ್ದಳು ಅಂತಲೇ ನನಗನಿಸುತ್ತದೆ.

1985ರಲ್ಲಿ ಅದೇ ನಾಡಿನ ಗಾಯಕ ಬಾನಾ ಆಕೆಯನ್ನು ಲಿಸ್ಬನ್ನಿಗೆ ಕರೆಸಿಕೊಂಡ. ಆಮೇಲೆ ಅಲ್ಲೇ ಜೋಸೆ ದ ಸಿಲ್ವಾ ಆಕೆಯ ಹಾಡು ಕೇಳಿದ. ಕೇಪ್ ವರ್ಡ್ ಮೂಲದವನು, ಫ್ರಾನ್ಸಿನ ರೈಲ್ವೆಯಲ್ಲಿ ಕೆಲಸ. ಆಕೆಯನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿ 1988ರಲ್ಲಿ ಮೊದಲ ಆಲ್ಬಮ್ ಮಾಡಿಸಿದ. ಅದರ ಹೆಸರಿನ ಅರ್ಥವೇ ‘ಬರಿಗಾಲ ಗಾಯಕಿ’. 1992ರಲ್ಲಿ ‘ಮಿಸ್ ಪರ್ಫುಮಾದು’ ಬಂತು, ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. 1993ರಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣ. 2004ರಲ್ಲಿ ಗ್ರ್ಯಾಮಿ. ಒಬ್ಬ ರೈಲ್ವೆ ನೌಕರ ಆವತ್ತು ಅಲ್ಲಿಗೆ ಬಾರದೇ ಇದ್ದಿದ್ದರೆ? ಮಿಂಡೆಲೊದಂಥ ಬಂದರುಗಳಲ್ಲಿ ಅಂಥ ಇನ್ನೆಷ್ಟು ದನಿಗಳು ಹಾಗೇ ಮಣ್ಣಾದವೋ. ವಾಟ್ಸಾಪಿನ ಆ ಎರಡು ಸಾಲಿನಲ್ಲಿ ಅವರಿಗೆ ಜಾಗವೇ ಇಲ್ಲ.

ಪ್ಯಾರಿಸ್ಸಿನ ಒಂದು ಕಛೇರಿಯ ವಿಡಿಯೊ ನನಗೆ ತುಂಬಾ ಇಷ್ಟ. ವೇದಿಕೆಯ ಮೇಲೊಂದು ಪುಟ್ಟ ಮೇಜು. ಕಛೇರಿಯ ನಡುವೆ ಆಕೆ ಹೋಗಿ ಕುರ್ಚಿಯಲ್ಲಿ ಕೂತು ಸಿಗರೇಟು ಹಚ್ಚುತ್ತಾಳೆ. ವಾದ್ಯದವರು ನುಡಿಸುತ್ತಲೇ ಇರುತ್ತಾರೆ. ಜನರ ಕಡೆ ನೋಡಿ ಒಂದು ಸಣ್ಣ ನಗು. ಸೇದಿ ಮುಗಿಸಿ, ಎದ್ದು ಬಂದು ಮತ್ತೆ ಹಾಡುತ್ತಾಳೆ. ಮಿಂಡೆಲೊದ ಬಾರಿನಲ್ಲಿ ಹೇಗಿದ್ದಳೋ ಹಾಗೇ. ಆ ಬರಿಗಾಲನ್ನೂ ನಾನು ಹೀಗೇ ನೋಡುತ್ತೇನೆ. ಯಾರಿಗೋ ಏನನ್ನೋ ತೋರಿಸಲು ಅಲ್ಲ, ಆಕೆಗೆ ಹಾಗೇ ಹಿತ.

ದುಡ್ಡು ಬಂದ ಮೇಲೂ ಮಿಂಡೆಲೊ ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ಕಚುಪಾ, ಅಂದರೆ ಮೆಕ್ಕೆಜೋಳದ ಕಾಳು, ಹುರುಳಿಕಾಯಿ ಬೀಜ, ಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುವ ಊಟ. 2010ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. 2011ರ ಸೆಪ್ಟೆಂಬರಿನಲ್ಲಿ ಇನ್ನು ಹಾಡಲಾರೆ ಎಂದಳು. ಅದೇ ಡಿಸೆಂಬರ್ 17ರಂದು ಹುಟ್ಟಿದ ದ್ವೀಪದಲ್ಲೇ ಹೋದಳು, ಎಪ್ಪತ್ತು ವರ್ಷ. ಈಗ ಆ ದ್ವೀಪದ ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರು. ನೋಟಿನ ಮೇಲೆ ಆಕೆಯ ಮುಖ. 2019ರಲ್ಲಿ ಯುನೆಸ್ಕೊ ಮೊರ್ನಾವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಎಲ್ಲರೂ ‘ಸೊದಾದ್’ನಿಂದ ಶುರು ಮಾಡುತ್ತಾರೆ. ನೀವು ಮೊದಲು ‘ರೇಡಿಯೊ ಮಿಂಡೆಲೊ’ ಕೇಳಿ, ಅದಾದ ಮೇಲೆ ‘ಮಿಸ್ ಪರ್ಫುಮಾದು’ ಹಾಕಿ. ನಡುವೆ ಸುಮಾರು ಮೂವತ್ತು ವರ್ಷ ಇದೆ ಅಂತ ನೆನಪಿರಲಿ.