ಅಟ್ಟದ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ

ರಾತ್ರಿ ಒಂದೂವರೆಗೆ ಸಿನಿಮಾ ಮುಗಿಯಿತು. ಮಲಗಬೇಕಿತ್ತು. ಸಿಟ್ಟಿಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಇದು. ಉದ್ದ ಇದೆ. ತಾಳ್ಮೆ ಇಲ್ಲದವರು ಸುಮ್ನೆ ಒಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಸಿನಿಮಾದ ಹೆಸರು ಹೇಳಲ್ಲ. ಹೇಳಿದರೆ ‘ಕ್ಲೈಮ್ಯಾಕ್ಸ್ ಹೇಳಿಬಿಟ್ರಲ್ಲ’ ಅಂತ ಜಗಳಕ್ಕೆ ಬರುತ್ತೀರಿ. ಹೆಸರು ಬೇಕಾಗಿಯೂ ಇಲ್ಲ, ಈ ಕಥೆ ನಿಮಗೆ ಗೊತ್ತೇ ಇದೆ. ಮನೆಯವರ ಜೊತೆ ಮುರಿದುಕೊಂಡು ಹೋದ ಮಗ ಹದಿನೈದು ವರ್ಷದ ಮೇಲೆ ಊರಿಗೆ ಬರುತ್ತಾನೆ. ಅಪ್ಪ ಸತ್ತಿರುತ್ತಾನೆ, ಇಲ್ಲಾ ಸಾಯುತ್ತಿರುತ್ತಾನೆ. ಮಳೆ ಹೊಯ್ಯುತ್ತಿರುತ್ತದೆ. ಈ ಊರುಗಳಲ್ಲಿ ಬಿಸಿಲು ಬೀಳುವುದು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಮಾತ್ರ. ಹಳೇ ಗೆಳೆಯ ಪೊಲೀಸ್ ಆಗಿರುತ್ತಾನೆ. ಹಳೇ ಹುಡುಗಿ ಬೇರೆಯವನನ್ನು ಮದುವೆಯಾಗಿರುತ್ತಾಳೆ, ಆದರೆ ಗಂಡ ಮಾತ್ರ ಯಾವಾಗಲೂ ಊರಲ್ಲಿರಲ್ಲ. ‘ಯಾಕೆ ಬಂದೆ ಇಲ್ಲಿಗೆ?’ ಅಂತ ಒಬ್ಬ ಮುದುಕ ಕತ್ತಲಲ್ಲಿ ನಿಂತು ಕೇಳುತ್ತಾನೆ. ಯಾಕೆ ಅಂತ ಅವನಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ.

ನನ್ನ ಕಥೆ ಗೊತ್ತಿರುವವರು ಆಗಲೇ ನಗುತ್ತಿರುತ್ತೀರಿ. ಹೌದು, ನಾನೇ, ಅಪ್ಪನ ಜೊತೆ ನಾಲ್ಕು ವರ್ಷ ಮಾತು ಬಿಟ್ಟವನು. ಇಂಥ ಸಿನಿಮಾ ಬಂತು ಅಂದರೆ ಮೊದಲ ದಿನವೇ ನೋಡುವ ಚಟ ನನಗೆ. ‘ಒಣಗಿದ ಗಾಯ ಕೆರೆದುಕೊಳ್ಳೋ ಚಟ’ ಅಂತ ನನ್ನ ಹೆಂಡತಿ ಹೆಸರಿಟ್ಟಿದ್ದಾಳೆ.

ಸುಳ್ಳು ಹೇಳಬಾರದು, ಮೊದಲ ನಲವತ್ತು ನಿಮಿಷ ಚೆನ್ನಾಗಿತ್ತು. ಒಂದು ದೃಶ್ಯವಂತೂ ಎದ್ದು ಕೂರಿಸಿತು. ಮಗ ನೆನೆದುಕೊಂಡು ಬಂದು ಹಜಾರದಲ್ಲಿ ನಿಂತಿದ್ದಾನೆ. ಅಮ್ಮ ಒಳಗೆ ಹೋಗಿ ಬೀರು ತೆಗೆದು ಒಂದು ಟವೆಲ್ ತಂದು ಕೊಡುತ್ತಾಳೆ. ಹೊಸದು. ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ನೆಂಟರು ಬಂದಾಗ ಕೊಡಲು ಎತ್ತಿಟ್ಟಿದ್ದು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಲ್ಲುತ್ತಾನೆ. ತಲೆ ಒರೆಸಿಕೊಳ್ಳುವುದಿಲ್ಲ. ಒಳಗೆ ತಂತಿಯ ಮೇಲೆ ಮನೆಯವರ ಹಳೇ ಟವೆಲ್‌ಗಳು ನೇತಾಡುತ್ತಿವೆ, ಅವನ ಕಣ್ಣು ಅಲ್ಲಿದೆ. ಇಬ್ಬರೂ ಒಂದು ಮಾತಾಡಲ್ಲ. ಸಂಗೀತವೂ ಇಲ್ಲ.

ಥ್ರಿಲ್ಲರ್ ಅಂದರೆ ಇದು. ಈ ಅಮ್ಮ ಅವನನ್ನು ಒಳಗೆ ಸೇರಿಸಿಕೊಂಡಳೋ ಹೊರಗೇ ಇಟ್ಟಳೋ ಅಂತ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಆಮೇಲೆ ಅವನು ಅಟ್ಟ ಹತ್ತಿದ.

ಅಟ್ಟದ ಮೇಲೆ ಪೆಟ್ಟಿಗೆ ಇತ್ತು. ಇರಲೇಬೇಕಲ್ಲ! ಪೆಟ್ಟಿಗೆಯಲ್ಲಿ ಅರ್ಧ ಹರಿದ ಫೋಟೋ, ಹಳದಿಯಾದ ಕಾಗದ, ಒಂದು ಕ್ಯಾಸೆಟ್. ಪೆಟ್ಟಿಗೆ ಸಿಕ್ಕಿತು ಅಂದರೆ ಕಥೆ ಕೆಟ್ಟಿತು ಅಂತಲೇ ಲೆಕ್ಕ. ಮುಂದಿನ ಒಂದೂವರೆ ಗಂಟೆ ಬರೀ ಓಡಾಟ. ಕೊನೆಗೆ ಗೊತ್ತಾಗುವುದೇನು? ಅಪ್ಪ ಕೆಟ್ಟವನಲ್ಲ. ಮಗನ ಮೇಲೆ ಕೊಲೆ ಆರೋಪ ಬರಬಾರದು ಅಂತ ಬೇಕಂತಲೇ ಬೈದು ಓಡಿಸಿದ್ದ. ಕೊಲೆ ಮಾಡಿದ್ದು ಊರಿಗೆಲ್ಲ ಬೇಕಾದ ಆ ಒಳ್ಳೆಯ ಮೇಷ್ಟ್ರು. ಅಪ್ಪನದೂ ತಪ್ಪಿಲ್ಲ, ಮಗನದೂ ತಪ್ಪಿಲ್ಲ, ಅಮ್ಮನದಂತೂ ಇಲ್ಲವೇ ಇಲ್ಲ. ಹದಿನೈದು ವರ್ಷದ ಕೊಳೆ ಒಂದೇ ಗುಟ್ಟಿನಲ್ಲಿ ತೊಳೆದು ಹೋಯಿತು. ಡಿಟರ್ಜೆಂಟ್ ಜಾಹೀರಾತಿನಲ್ಲೂ ಇಷ್ಟು ಬೆಳ್ಳಗಾಗಲ್ಲ.

ನನ್ನ ತಕರಾರು ಇಷ್ಟೇ, ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಅಪ್ಪ ಮಗ ಮಾತು ಬಿಟ್ಟಿದ್ದಾರೆ ಅಂದರೆ ಅದರ ಹಿಂದೆ ಒಂದು ಗುಟ್ಟು ಇರಲೇಬೇಕಾ? ಗುಟ್ಟು ಬಯಲಾದರೆ ಮಾತು ಶುರುವಾಗಿಬಿಡುತ್ತದಾ? ಈ ಲೆಕ್ಕ ಯಾರು ಹೇಳಿಕೊಟ್ಟದ್ದು ಇವರಿಗೆ?

ಕರ್ಣನ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ. ಹುಟ್ಟಿದ ದಿನವೇ ಹೊಳೆಗೆ ಬಿಟ್ಟ ಮಗ. ಅವನ ಹುಟ್ಟಿನ ಗುಟ್ಟು ನಮಗೆ ಮೊದಲಿಂದಲೂ ಗೊತ್ತು. ಯುದ್ಧಕ್ಕೆ ಮುಂಚೆ ಕೃಷ್ಣ ಅವನಿಗೂ ಹೇಳುತ್ತಾನೆ. ಆಮೇಲೆ ಕುಂತಿ ತಾನೇ ಗಂಗೆಯ ದಡಕ್ಕೆ ಬಂದು ಹೇಳುತ್ತಾಳೆ. ಗುಟ್ಟು ಪೂರ್ತಿ ಬಯಲು. ಏನಾಯಿತು? ತಬ್ಬಿಕೊಂಡು ಮನೆಗೆ ಹೋದನಾ? ಇಲ್ಲ. ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲಲ್ಲ, ನಿನಗೆ ಐದು ಮಕ್ಕಳು ಉಳಿಯುತ್ತಾರೆ ಅಂದ. ಅಷ್ಟೇ. ಸತ್ಯ ಗೊತ್ತಾಯಿತು, ಆದರೂ ವಾಪಸ್ ಹೋಗಲಿಲ್ಲ. ಆ ಭೇಟಿಯನ್ನು ಎಷ್ಟು ಸಲ ಕೇಳಿದರೂ ‘ಈ ಸಲವಾದರೂ ಹೋಗ್ತಾನಾ’ ಅಂತ ಒಂದು ಕ್ಷಣ ಅನಿಸುತ್ತದೆ, ಅಲ್ವಾ? ಕೊನೆ ಗೊತ್ತಿದ್ದೂ ಅನಿಸುತ್ತದೆ. ಅದನ್ನು ಮಾಡಿ ತೋರಿಸಿ ನೋಡೋಣ, ಅಟ್ಟದ ಸಾಹೇಬರೇ.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾನೆ. ಇಬ್ಬರು ಮೇಜಿನ ಮುಂದೆ ಕೂತು ಮಾತಾಡುತ್ತಿದ್ದಾರೆ, ಇದ್ದಕ್ಕಿದ್ದಂತೆ ಕೆಳಗಿದ್ದ ಬಾಂಬ್ ಸಿಡಿಯಿತು. ನೋಡುವವರಿಗೆ ಹದಿನೈದು ಸೆಕೆಂಡಿನ ಆಶ್ಚರ್ಯ. ಅದೇ, ಬಾಂಬ್ ಇದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೆ? ಹದಿನೈದು ನಿಮಿಷ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ನಿನ್ನೆಯ ಸಿನಿಮಾದಲ್ಲಿ ಬಾಂಬ್ ಆ ಟವೆಲ್‌ನಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟು ಮೇಷ್ಟ್ರ ಹಿಂದೆ ಓಡಿದರು.

‘ಥ್ರಿಲ್ಲರ್ ಅಂದಮೇಲೆ ಗುಟ್ಟು ಬೇಡ್ವೇನ್ರೀ, ಅಪ್ಪ ಮಗ ಮುಖ ನೋಡಿಕೊಂಡು ಕೂತರೆ ಅದು ಧಾರಾವಾಹಿ’ ಅಂತ ಯಾರಾದರೂ ಅಂದೇ ಅನ್ನುತ್ತೀರಿ. ಹಳೇ ಗ್ರೀಕ್ ನಾಟಕದ ಈಡಿಪಸ್‌ನ ಉದಾಹರಣೆಯನ್ನೂ ಎತ್ತುತ್ತೀರಿ. ಸರಿ, ಒಪ್ಪಿದೆ. ಹೆತ್ತವರು ದೂರ ಮಾಡಿದ ಮಗ, ಗೊತ್ತಿಲ್ಲದೆ ಹುಟ್ಟೂರಿಗೇ ಬಂದು, ಕೊಲೆಗಾರನನ್ನು ಹುಡುಕುತ್ತಾ ಹೊರಟು, ಕೊನೆಗೆ ತಾನೇ ಆ ಕೊಲೆಗಾರ, ಕೊಂದದ್ದು ಅಪ್ಪನನ್ನು, ಮದುವೆಯಾದದ್ದು ಅಮ್ಮನನ್ನು ಅಂತ ಕಂಡುಕೊಳ್ಳುತ್ತಾನೆ. ಈ ಜಾತಿಯ ಥ್ರಿಲ್ಲರ್‌ಗಳಿಗೆಲ್ಲ ಅದೇ ಮುತ್ತಜ್ಜ. ಆದರೆ ಅಲ್ಲಿ ಗುಟ್ಟು ಯಾರನ್ನಾದರೂ ತೊಳೆಯಿತಾ? ಅಮ್ಮ ನೇಣು ಹಾಕಿಕೊಂಡಳು, ಮಗ ಕಣ್ಣು ಕಿತ್ತುಕೊಂಡ. ಮೇಷ್ಟ್ರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಗ್ರೀಕರು ಆ ನಾಟಕ ನೋಡಲು ಬಂದಾಗ ಕಥೆ ಅವರಿಗೆ ಗೊತ್ತಿದ್ದದ್ದೇ, ಅದು ಬೇರೆ ಮಾತು. ಆ ವಾದ ಅಲ್ಲಿಗೆ ಮುಗಿಯಿತು.

ಗ್ರೀಕರ ವಿಷಯ ಬಂದದ್ದಕ್ಕೆ ಇನ್ನೊಂದು. ಹೋಮರನ ಕಾವ್ಯದ ನಾಯಕ ಒಡಿಸ್ಯೂಸ್ ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷದ ಮೇಲೆ ಮನೆಗೆ ಬರುತ್ತಾನೆ, ಭಿಕ್ಷುಕನ ವೇಷದಲ್ಲಿ. ಸಾಕಿದ ದಾದಿ ಕಾಲು ತೊಳೆಯುವಾಗ ತೊಡೆಯ ಮೇಲಿನ ಹಳೇ ಗಾಯದ ಗುರುತು ಅವಳ ಕೈಗೆ ಸಿಗುತ್ತದೆ. ಕಾಲು ಕೈಜಾರಿ ಬಿದ್ದು ನೀರು ಚೆಲ್ಲುತ್ತದೆ. ಅವನು ಅವಳ ಗಂಟಲು ಹಿಡಿದು ಬಾಯಿ ಮುಚ್ಚಿಸುತ್ತಾನೆ. ಎಂಥ ದೃಶ್ಯ! ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಕೊನೆಯಲ್ಲಿ ಅವನು ಅಪ್ಪನನ್ನು ಕಾಣುವುದು. ಮುದುಕ ತೋಟದಲ್ಲಿ ಹರಿದ ಬಟ್ಟೆ ಹಾಕಿಕೊಂಡು ಗಿಡದ ಬುಡ ಅಗೆಯುತ್ತಿದ್ದಾನೆ. ಮಗ ಮೊದಲು ಸುಳ್ಳು ಹೇಳಿ ಅಪ್ಪನನ್ನು ಪರೀಕ್ಷೆ ಮಾಡುತ್ತಾನೆ (ಬುದ್ಧಿ ನೋಡಿ). ಆಮೇಲೆ ನಾನೇ ನಿನ್ನ ಮಗ ಅನ್ನುತ್ತಾನೆ. ಗುರುತೇನು ಅಂತ ಅಪ್ಪ ಕೇಳುತ್ತಾನೆ. ಮಗ ಗಾಯ ತೋರಿಸುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಚಿಕ್ಕವನಿದ್ದಾಗ ಈ ತೋಟದಲ್ಲಿ ನೀನು ನನಗೆ ಅಂತ ಕೊಟ್ಟ ಗಿಡಗಳು ಇವು ಅಂತ ಎಣಿಸುತ್ತಾನೆ. 13 ಪಿಯರ್ ಹಣ್ಣಿನ ಮರ, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಮುದುಕನ ಮೊಣಕಾಲು ಕುಸಿಯುತ್ತದೆ.

ಪೆಟ್ಟಿಗೆ ಇಲ್ಲ, ಕ್ಯಾಸೆಟ್ ಇಲ್ಲ. ಗಿಡದ ಲೆಕ್ಕ, ಅಷ್ಟೇ.

ಇನ್ನು ನನ್ನ ವಿಷಯ. ನಾನು ಯಾಕೆ ಮಾತು ಬಿಟ್ಟೆ ಅಂತ ತುಂಬಾ ಜನ ಕೇಳಿದ್ದೀರಿ. ಕೇಳುವಾಗ ನಿಮ್ಮ ಮುಖದಲ್ಲೂ ಆ ಅಟ್ಟದ ಆಸೆ ಕಂಡಿದ್ದೇನೆ. ಏನೋ ದೊಡ್ಡದು ನಡೆದಿರಬೇಕು, ಆಸ್ತಿಯೋ, ಇನ್ನೊಬ್ಬ ಹೆಂಗಸೋ, ಹೊಡೆತವೋ ಅಂತ. ಏನೂ ಇಲ್ಲ ಮಾರಾಯರೇ. ಓದು ಅರ್ಧಕ್ಕೆ ಬಿಟ್ಟು ಬಂದ ದಿನ ಅಪ್ಪ ಪೇಪರ್ ಓದುತ್ತಿದ್ದರು. ತಲೆ ಎತ್ತದೆ ‘ನಿನ್ನಿಂದ ಆಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು’ ಅಂದರು. ಜೋರಾಗಿಯೂ ಅನ್ನಲಿಲ್ಲ. ಪುಟ ತಿರುಗಿಸಿದರು. ಅವತ್ತು ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನವೂ ಕೊಡಲಿಲ್ಲ. ಹಾಗೇ ನಾಲ್ಕು ವರ್ಷ ಆಯಿತು. ಈ ಕಥೆ ಹಿಡಿದುಕೊಂಡು ಯಾವ ನಿರ್ಮಾಪಕನ ಹತ್ತಿರ ಹೋಗಲಿ?

ಆದರೆ ಆ ನಾಲ್ಕು ವರ್ಷ ಇದ್ದಷ್ಟು ಸಸ್ಪೆನ್ಸ್ ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಹಿಂದೆ ಟಿವಿಯ ಸದ್ದು ಕೇಳುತ್ತಿರುತ್ತಿತ್ತು. ನಾನು ‘ಅಮ್ಮಾ’ ಅಂದ ಸ್ವಲ್ಪ ಹೊತ್ತಿಗೆ ಟಿವಿ ಸದ್ದು ಕಡಿಮೆಯಾಗುತ್ತಿತ್ತು. ಪೂರ್ತಿ ಆಫ್ ಅಲ್ಲ, ಕಡಿಮೆ. ರಿಮೋಟ್ ಅಮ್ಮನ ಕೈಯಲ್ಲಿ ಇರುತ್ತಿರಲಿಲ್ಲ ಅಂತ ನನಗೆ ಗೊತ್ತು. ನಾನು ಬೇಕಂತಲೇ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದೆ. ಹೊಸ ಕೆಲಸ ಸಿಕ್ಕಿತು ಅಂತ ಎರಡು ಸಲ ಹೇಳಿದೆ. ಅಮ್ಮ ‘ಕೇಳಿಸ್ತಪ್ಪ’ ಅಂದಳು. ನಿನಗೆ ಕೇಳಿಸಿತು ಬಿಡು ಅಮ್ಮ, ಅವರಿಗೆ ಕೇಳಿಸಿತಾ?

ಕಾರ್ಲ್ ಪಿಲ್ಲೆಮರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಇದ್ದಾನೆ, ಕಾರ್ನೆಲ್ ವಿಶ್ವವಿದ್ಯಾಲಯದವನು. ಅವನು ಅಲ್ಲಿ ಸಮೀಕ್ಷೆ ಮಾಡಿ 2020ರಲ್ಲಿ ಹೇಳಿದ್ದು: ನೂರರಲ್ಲಿ 27 ಜನ ಮನೆಯ ಯಾರೋ ಒಬ್ಬರ ಜೊತೆ ಸಂಬಂಧ ಕಡಿದುಕೊಂಡಿದ್ದಾರೆ. ಇಷ್ಟೂ ಮನೆಗಳ ಅಟ್ಟದಲ್ಲಿ ಹೆಣದ ಗುಟ್ಟು ಇದೆಯಾ? ಹಾಗಿದ್ದರೆ ಪೊಲೀಸರಿಗೆ ನಿದ್ದೆ ಬೇಡವಾ? ಅವನು ಮತ್ತೆ ಒಂದಾದವರನ್ನೂ ಹುಡುಕಿ ಮಾತಾಡಿಸಿದ. ಅವರಲ್ಲಿ ಬಹಳ ಜನ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಹಳೆಯದರ ಬಗ್ಗೆ ನಾನು ಹೇಳಿದ್ದನ್ನೇ ಆ ಕಡೆಯವರೂ ಒಪ್ಪಬೇಕು ಅನ್ನುವ ಹಠ ಬಿಟ್ಟೆ. ಅಂದರೆ ನಿಜದಲ್ಲಿ ಒಂದಾಗುವವರು ಅಟ್ಟದ ಬಾಗಿಲು ಹಾಕಿ ಕೆಳಗಿಳಿದು ಬರುತ್ತಾರೆ. ನಮ್ಮ ಹೀರೋ ಟಾರ್ಚ್ ಹಿಡಿದು ಮೇಲೆ ಹತ್ತುತ್ತಾನೆ.

ಆ ಫ್ಲ್ಯಾಶ್‌ಬ್ಯಾಕ್ ಇನ್ನೊಂದು ಕಾಟ. ಸಿಸಿಟಿವಿ ಇಟ್ಟ ಹಾಗೆ ನಡೆದದ್ದೆಲ್ಲ ಸ್ಪಷ್ಟ. ನಮ್ಮ ಮನೆಯಲ್ಲಿ ಆ ಪೇಪರ್ ದಿನದ ಫ್ಲ್ಯಾಶ್‌ಬ್ಯಾಕ್ ಮೂರು ಇವೆ. ಅಮ್ಮನ ಪ್ರಕಾರ ಅಪ್ಪ ಏನೂ ಅನ್ನಲೇ ಇಲ್ಲ. ತಂಗಿಯ ಪ್ರಕಾರ ನಾನು ಬಾಗಿಲು ದಡಾರನೆ ಹಾಕಿಕೊಂಡು ಹೋದೆ. ನನಗೆ ಬಾಗಿಲಿನ ನೆನಪೇ ಇಲ್ಲ. ನೆನಪಿನ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅಂತ 24 ಜನರಿಗೆ ಸುಳ್ಳು ನೆನಪು ಕೊಟ್ಟರೆ ಸುಮಾರು ಕಾಲು ಭಾಗ ಜನ ಹೌದು ಅಂದುಬಿಟ್ಟರು. ಹಾಗಾಗಿ ಬಾಗಿಲ ವಿಷಯದಲ್ಲಿ ನಾನು ತಂಗಿಯ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ದಡಾರನೆ ಹಾಕಿದ್ದರೂ ಹಾಕಿರಬಹುದು.

ನಾನು ವಾಪಸ್ ಹೋದದ್ದೂ ಹೇಳಿಬಿಡುತ್ತೇನೆ. ಮಳೆ ಇರಲಿಲ್ಲ. ಯಾರೂ ಸತ್ತಿರಲಿಲ್ಲ. ಬೆಲ್ ಒತ್ತಿದೆ, ಅಪ್ಪನೇ ಬಾಗಿಲು ತೆಗೆದರು. ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಬ್ಯಾಗ್ ನೋಡಿದರು. ಚಿಕ್ಕದು, ಒಂದು ಜೊತೆ ಬಟ್ಟೆ ಹಿಡಿಯುವಂಥದ್ದು. ಅದನ್ನು ನೋಡಿ ‘ನಾಳೆನೇ ಹೊರಡ್ತೀಯಾ?’ ಅಂದರು. ನಾಲ್ಕು ವರ್ಷದ ಮೇಲೆ ಅವರಾಡಿದ ಮೊದಲ ಮಾತು. ಇರು ಅಂತಲೋ ಬೇಗ ಹೋಗು ಅಂತಲೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ‘ನೋಡೋಣ’ ಅಂದೆ. ಐದು ದಿನ ಇದ್ದೆ, ಅಪ್ಪನ ಅಂಗಿ ಹಾಕಿಕೊಂಡು. ಭುಜ ಬಿಗಿಯಾಗುತ್ತಿತ್ತು.

ನಿನ್ನೆಯ ಹೀರೋ ಹದಿನೈದು ವರ್ಷದ ಮೇಲೆ ಬಂದಾಗ ಎಷ್ಟು ದಿನ ಇರ್ತೀಯ ಅಂತ ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ, ಗಮನಿಸಿದಿರಾ?

ಇಷ್ಟು ಬರೆದು ಮಲಗಿಬಿಟ್ಟೆ. ಬೆಳಿಗ್ಗೆ ಮನೆಗೆ ಫೋನ್ ಮಾಡಿದರೆ ಅಮ್ಮ ಸ್ನಾನಕ್ಕೆ ಹೋಗಿದ್ದಳಂತೆ, ಅಪ್ಪನೇ ಎತ್ತಿದರು. ನಮಗಿಬ್ಬರಿಗೂ ಫೋನಿನಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಮಾತು ಸಾಗಲ್ಲ. ಏನಾದರೂ ಹೇಳಬೇಕಲ್ಲ ಅಂತ ಈ ಸಿನಿಮಾದ ಮಾತು ತೆಗೆದೆ. ಅವರೂ ನಿನ್ನೆ ಹಾಕಿಕೊಂಡು ಕೂತಿದ್ದರಂತೆ. ಹೇಗಿತ್ತು ಅಂದೆ. ‘ಮೊದಲು ಚೆನ್ನಾಗಿತ್ತು, ಅವನು ಅಟ್ಟ ಹತ್ತಿದ ಮೇಲೆ ನಿದ್ದೆ ಬಂತು’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಪೆಟ್ಟಿಗೆಯಲ್ಲಿ ಏನಿತ್ತೋ?’ ಅಂತ ಕೇಳಿದರು.

ನಾನು ಹೇಳಲಿಲ್ಲ. ಬಂದಾಗ ಹೇಳ್ತೀನಿ ಅಂದೆ.